ಸಭೆ ಬಿಟ್ಟವರು ಬಿಟ್ಟಿದ್ದು ಏನನ್ನು?

ಶಾಲೆ ಮುಗಿಸಿ ಮನೆಗೆ ಬಂದ ಹುಡುಗಿ. ಹತ್ತು ವರ್ಷ ಇರಬಹುದು. ಬಾಗಿಲಿಗೆ ಬೀಗ ಹಾಕಿಲ್ಲ, ಆದರೆ ಒಳಗೆ ಯಾರೂ ಇಲ್ಲ. ಒಲೆಯ ಮೇಲಿನ ಪಾತ್ರೆ ಇನ್ನೂ ಬಿಸಿಯಾಗಿದೆ. ಅಮ್ಮನನ್ನು ಕೂಗುತ್ತಾಳೆ, ಅಪ್ಪನನ್ನು ಕೂಗುತ್ತಾಳೆ, ಉತ್ತರ ಇಲ್ಲ. ನಮ್ಮಲ್ಲಾದರೆ ಮಗು ಪಕ್ಕದ ಮನೆಗೆ ಓಡುತ್ತದೆ, ‘ಆಂಟೀ, ಅಮ್ಮ ಎಲ್ಲಿ?’ ಅಂತ. ಅಮೆರಿಕದ ಒಂದು ಬಗೆಯ ಕ್ರೈಸ್ತ ಮನೆಯಲ್ಲಿ ಬೆಳೆದ ಮಗುವಿಗೆ ಮೊದಲು ಹೊಳೆಯುವುದೇ ಬೇರೆ. ಯೇಸು ಸ್ವಾಮಿ ಬಂದುಹೋದರು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರು. ನನ್ನನ್ನು ಮಾತ್ರ ಬಿಟ್ಟುಹೋದರು.

ಇಂಥ ನೆನಪು ಹೇಳಿಕೊಂಡವರು ಒಬ್ಬಿಬ್ಬರಲ್ಲ. ಲೋಕದ ಕೊನೆಗೆ ಮುಂಚೆ ನಿಜವಾದ ವಿಶ್ವಾಸಿಗಳು ಇದ್ದಕ್ಕಿದ್ದಂತೆ ಆಕಾಶಕ್ಕೆ ಎತ್ತಲ್ಪಡುತ್ತಾರೆ, ಉಳಿದವರು ಭೂಮಿಯ ಮೇಲೆ ಘೋರ ಸಂಕಟ ಅನುಭವಿಸುತ್ತಾರೆ ಎಂದು ಆ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದರು. ಎರಡು ಸಾವಿರ ವರ್ಷದಿಂದ ಎಲ್ಲ ಕ್ರೈಸ್ತರೂ ನಂಬಿಕೊಂಡು ಬಂದದ್ದು ಇದನ್ನೇ ಎಂದು ಮಕ್ಕಳು ಅಂದುಕೊಂಡಿದ್ದರು. ಆದರೆ ಈ ಬೋಧನೆ ಈಗಿರುವ ರೂಪಕ್ಕೆ ಬಂದದ್ದು 19ನೇ ಶತಮಾನದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕನಿಂದ. ಅಮೆರಿಕದ ಮನೆಮನೆಗೆ ಅದನ್ನು ತಲುಪಿಸಿದ್ದು 1909ರಲ್ಲಿ ಅಚ್ಚಾದ, ಪುಟದ ಅಡಿಯಲ್ಲಿ ಟಿಪ್ಪಣಿಗಳಿದ್ದ ಸ್ಕೋಫೀಲ್ಡ್ ಬೈಬಲ್. ಕ್ಯಾಥೊಲಿಕರಾಗಲಿ ಆರ್ಥೊಡಾಕ್ಸರಾಗಲಿ ಇದನ್ನು ಕಲಿಸುವುದಿಲ್ಲ.

ದೊಡ್ಡವರಾದ ಮೇಲೆ ಎಲ್ಲೋ ಓದುವಾಗ ಇದು ಗೊತ್ತಾಗುತ್ತದೆ. ಆಗ ಒಂದು ಪುಟ್ಟ ಪ್ರಶ್ನೆ ಏಳುತ್ತದೆ: ‘ಇದು ಯಾವಾಗಿನಿಂದ?’ ಅಮೆರಿಕದ ಇವ್ಯಾಂಜೆಲಿಕಲ್ ಸಭೆಗಳನ್ನು, ಅಂದರೆ ಚರ್ಚುಗಳನ್ನು, ಬಿಟ್ಟುಬಂದವರ ಕತೆಗಳನ್ನು ಓದುತ್ತಾ ಹೋದರೆ ‘ದೇವರು ಇದ್ದಾನೋ ಇಲ್ಲವೋ’ ಎನ್ನುವುದಕ್ಕಿಂತ ಈ ಪ್ರಶ್ನೆಯೇ ಜಾಸ್ತಿ ಸಿಗುತ್ತದೆ.

ಮೊದಲು ಇವರು ಬಿಟ್ಟದ್ದು ಏನು ಅಂತ ನೋಡೋಣ. ಇವ್ಯಾಂಜೆಲಿಕಲ್ ಪದದ ಗ್ರೀಕ್ ಮೂಲಕ್ಕೆ ಒಳ್ಳೆಯ ಸುದ್ದಿ ಎಂದರ್ಥ. ಕನ್ನಡ ಸತ್ಯವೇದದಲ್ಲಿ ಅದು ‘ಸುವಾರ್ತೆ’. ಇದನ್ನೂ ‘ಇವ್ಯಾಂಜೆಲಿಸ್ಟ್’ ಎನ್ನುವುದನ್ನೂ ನಮ್ಮಲ್ಲಿ ಒಂದೇ ಮಾಡಿ ಬರೆಯುವುದುಂಟು. ಇವ್ಯಾಂಜೆಲಿಸ್ಟ್ ಅಂದರೆ ಸುವಾರ್ತೆ ಸಾರುವವರು, ಅದು ಮಾಡುವ ಕೆಲಸ. ಇವ್ಯಾಂಜೆಲಿಕಲ್ ಎನ್ನುವುದು ಪ್ರಾಟೆಸ್ಟಂಟರ ಒಳಗಿನ ಒಂದು ಬಗೆಯ ನಂಬಿಕೆ. ಅದೊಂದು ಪಂಗಡವೂ ಅಲ್ಲ. ಬ್ಯಾಪ್ಟಿಸ್ಟರಲ್ಲಿ, ಪ್ರೆಸ್ಬಿಟೇರಿಯನ್ನರಲ್ಲಿ, ಪೆಂಟೆಕೋಸ್ಟಲರಲ್ಲಿ, ಯಾವ ಪಂಗಡಕ್ಕೂ ಸೇರದ ಸಾವಿರಾರು ಜನರ ಸಭೆಗಳಲ್ಲಿ, ಎಲ್ಲ ಕಡೆಯೂ ಇವರಿದ್ದಾರೆ.

ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಇವರನ್ನು ಗುರುತಿಸಲು ನಾಲ್ಕು ಲಕ್ಷಣ ಹೇಳಿದರು. ಬೈಬಲ್ಲೇ ಕೊನೆಯ ಮಾತು. ಶಿಲುಬೆಯ ಮೇಲಿನ ಯೇಸುವಿನ ಸಾವೇ ರಕ್ಷಣೆಯ ದಾರಿ. ಪ್ರತಿಯೊಬ್ಬರೂ ಹೊಸದಾಗಿ ಹುಟ್ಟಬೇಕು. ಹುಟ್ಟಿದ ಮೇಲೆ ಸುಮ್ನೆ ಕೂರದೆ ಬೇರೆಯವರಿಗೆ ಹೇಳಬೇಕು, ದುಡಿಯಬೇಕು. ಮೂರನೆಯದನ್ನು ಸ್ವಲ್ಪ ಗಮನಿಸಿ. ಕ್ರೈಸ್ತ ಮನೆಯಲ್ಲಿ ಹುಟ್ಟಿದರೆ ಸಾಲದು. ಯಾವತ್ತೋ ಒಂದು ದಿನ, ನೀವಾಗಿ, ‘ನಾನು ಪಾಪಿ, ನನ್ನ ಎದೆಯೊಳಗೆ ಬಾ’ ಎಂದು ಪ್ರಾರ್ಥಿಸಿರಬೇಕು. ಆ ದಿನದ ಕತೆಯನ್ನು ಸಭೆಯ ಮುಂದೆ ಹೇಳುವುದಕ್ಕೆ ‘ಸಾಕ್ಷಿ’ ಅನ್ನುತ್ತಾರೆ. ನಾಲ್ಕು ವರ್ಷದ ಮಕ್ಕಳೂ ಈ ಪ್ರಾರ್ಥನೆ ಮಾಡುತ್ತಾರೆ. ಮಾಡಿದ್ದು ಸರಿಯಾಗಿ ತಾಗಿತೋ ಇಲ್ಲವೋ ಎಂಬ ಭಯದಿಂದ ರಾತ್ರಿ ರಾತ್ರಿ ಮತ್ತೆ ಮತ್ತೆ ಮಾಡುತ್ತಾರೆ.

ಪೋಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ. ಹಾಗಾಗಿ ರಾಜೀನಾಮೆ ಕೊಡುವುದಕ್ಕೂ ಜಾಗ ಇಲ್ಲ. ಯಾರು ಒಳಗೆ, ಯಾರು ಹೊರಗೆ ಎಂದು ನಿರ್ಧರಿಸುವುದು ಸುತ್ತಲಿನವರು: ಪಾಸ್ಟರು, ಗೆಳೆಯರು, ಅಪ್ಪ ಅಮ್ಮ, ಕ್ರೈಸ್ತ ರೇಡಿಯೊ. ಗುರುತಿನ ವಿಷಯ ಇಷ್ಟು ಸೂಕ್ಷ್ಮವಾಗುವುದು ಇದರಿಂದಲೇ. ನಂಬಿಕೆಯ ನಾಲ್ಕು ಲಕ್ಷಣ ಕಣ್ಣಿಗೆ ಕಾಣುವುದಿಲ್ಲ. ಯಾವ ಸಂಗೀತ ಕೇಳುತ್ತೀಯ, ಮಕ್ಕಳನ್ನು ಯಾವ ಶಾಲೆಗೆ ಹಾಕಿದ್ದೀಯ, ಯಾರಿಗೆ ಓಟು ಹಾಕುತ್ತೀಯ, ಇವೆಲ್ಲ ಕಾಣುತ್ತವೆ.

ಓಟಿನ ವಿಷಯಕ್ಕೆ ಬರೋಣ. ‘ಯಾವಾಗಿನಿಂದ?’ ಎಂಬ ಪ್ರಶ್ನೆ ಇಲ್ಲಿ ಕೊಟ್ಟಷ್ಟು ಏಟು ಬೇರೆ ಕಡೆ ಕೊಟ್ಟಿಲ್ಲ.

ಇವತ್ತು ಅಮೆರಿಕದ ಬಿಳಿಯ ಇವ್ಯಾಂಜೆಲಿಕಲ್ ಅಂದರೆ ಗರ್ಭಪಾತದ ವಿರೋಧಿ, ರಿಪಬ್ಲಿಕನ್ ಪಕ್ಷದವರು ಎಂದು ಕಣ್ಣುಮುಚ್ಚಿ ಹೇಳುತ್ತಾರೆ. ಆದರೆ 1971ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಏನು ಹೇಳಿತ್ತು ಗೊತ್ತಾ? ಅತ್ಯಾಚಾರ, ರಕ್ತಸಂಬಂಧಿಗಳ ದೌರ್ಜನ್ಯ, ಭ್ರೂಣದ ಗಂಭೀರ ವೈಕಲ್ಯ, ತಾಯಿಯ ಮಾನಸಿಕ ಅಥವಾ ದೈಹಿಕ ಆರೋಗ್ಯಕ್ಕೆ ಧಕ್ಕೆ, ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿಗಾಗಿ ಕೆಲಸ ಮಾಡಿ ಎಂದು ತನ್ನ ಸದಸ್ಯರಿಗೆ ನಿರ್ಣಯದ ಮೂಲಕ ಕರೆ ಕೊಟ್ಟಿತ್ತು. ಇದು ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಸಂಘಟನೆ. ಗರ್ಭಪಾತವನ್ನು ದೇಶದಾದ್ಯಂತ ಹಕ್ಕಾಗಿಸಿದ ಸುಪ್ರೀಂ ಕೋರ್ಟಿನ ‘ರೋ’ ತೀರ್ಪು 1973ರಲ್ಲಿ ಬಂದಾಗ ಬೀದಿಗಿಳಿದವರಲ್ಲಿ ಕ್ಯಾಥೊಲಿಕರೇ ಹೆಚ್ಚು. 1976ರಲ್ಲಿ ‘ನಾನು ಹೊಸದಾಗಿ ಹುಟ್ಟಿದವನು’ ಎಂದು ಬಾಯಿಬಿಟ್ಟು ಹೇಳಿ ಗೆದ್ದ ಜಿಮ್ಮಿ ಕಾರ್ಟರ್, ಸಂಡೇ ಸ್ಕೂಲ್ ಮೇಷ್ಟ್ರು, ಡೆಮಾಕ್ರಟಿಕ್ ಪಕ್ಷದವರು.

ಹಾಗಾದರೆ ಗಾಳಿ ತಿರುಗಿದ್ದು ಹೇಗೆ? ಇತಿಹಾಸಕಾರ ರ‍್ಯಾಂಡಲ್ ಬಾಮರ್ ಅವರ ಉತ್ತರ ಕೇಳಿ ಬಹಳ ಜನ ಬೆಚ್ಚಿಬಿದ್ದಿದ್ದಾರೆ. ಅವರು ಬೆರಳು ತೋರಿಸುವುದು ಶಾಲೆಗಳ ಕಡೆಗೆ. ಸರ್ಕಾರಿ ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕೂರಬೇಕೆಂದು ನ್ಯಾಯಾಲಯ ಹೇಳಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಖಾಸಗಿ ಕ್ರೈಸ್ತ ಶಾಲೆಗಳು ಒಂದರ ಹಿಂದೊಂದು ತೆರೆದವು. ಬಿಳಿಯರ ಮಕ್ಕಳಷ್ಟೇ ಓದುವ ಶಾಲೆಗಳು ಎಷ್ಟೋ. ಇಂಥ ಶಾಲೆಗಳಿಗೆ ತೆರಿಗೆ ವಿನಾಯಿತಿ ಇಲ್ಲ ಎಂದು 1971ರಲ್ಲಿ ಒಂದು ತೀರ್ಪು ಬಂತು. ದಕ್ಷಿಣ ಕ್ಯಾರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಬೇರೆ ಬೇರೆ ಜನಾಂಗದ ಹುಡುಗ ಹುಡುಗಿಯರು ಜೊತೆಯಾಗಿ ಓಡಾಡುವುದನ್ನು ನಿಷೇಧಿಸಿತ್ತು. 1976ರಲ್ಲಿ ಅದರ ವಿನಾಯಿತಿ ಹೋಯಿತು. 1978ರಲ್ಲಿ ತೆರಿಗೆ ಇಲಾಖೆ ನಿಯಮ ಬಿಗಿ ಮಾಡಲು ಹೊರಟಾಗ ಲಕ್ಷಕ್ಕೂ ಹೆಚ್ಚು ಪ್ರತಿಭಟನೆಯ ಪತ್ರಗಳು ಬಂದು ಬಿದ್ದವು. ಬಾಬ್ ಜೋನ್ಸ್ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1983ರಲ್ಲಿ 8-1ರಿಂದ ಸೋತಿತು. ಆ ನಿಷೇಧವನ್ನು ವಿಶ್ವವಿದ್ಯಾಲಯ ಕೈಬಿಟ್ಟದ್ದು 2000ದಲ್ಲಿ. ಎರಡು ಸಾವಿರ!

ಈ ಸಿಟ್ಟನ್ನು ಓಟಾಗಿ ಕಟ್ಟಬಹುದು ಎಂದು ಕಂಡುಕೊಂಡವರು ಪಾಲ್ ವೈರಿಕ್ ಎಂಬ ರಾಜಕೀಯ ಸಂಘಟಕ. ಆದರೆ ಬರೀ ತೆರಿಗೆಯ ಹೆಸರಿನಲ್ಲಿ ದೇಶ ಸೇರಿಸಲಾಗುವುದಿಲ್ಲ. 1970ರ ದಶಕದ ಕೊನೆಯಲ್ಲಿ ಗರ್ಭಪಾತ ಆ ಜಾಗಕ್ಕೆ ಬಂತು. ವರ್ಜೀನಿಯಾದ ಲಿಂಚ್‌ಬರ್ಗ್‌ನ ಪಾಸ್ಟರ್ ಜೆರ‍್ರಿ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಸಂಘಟನೆ ಕಟ್ಟಿದರು. ಮರುವರ್ಷ ಡಲ್ಲಾಸ್‌ನಲ್ಲಿ ಸಾವಿರಾರು ಪಾಸ್ಟರುಗಳ ಮುಂದೆ ನಿಂತ ರೊನಾಲ್ಡ್ ರೇಗನ್, ನೀವು ನನ್ನನ್ನು ಅನುಮೋದಿಸುವ ಹಾಗಿಲ್ಲ ಅಂತ ಗೊತ್ತು, ಆದರೆ ನಾನು ನಿಮ್ಮನ್ನು ಅನುಮೋದಿಸುತ್ತೇನೆ ಎಂದರು. ಸಂಡೇ ಸ್ಕೂಲ್ ಮೇಷ್ಟ್ರು ಸೋತರು. ವಿಚ್ಛೇದನ ಪಡೆದು ಮರುಮದುವೆಯಾಗಿದ್ದ ಹಾಲಿವುಡ್ ನಟ ಗೆದ್ದರು.

ಬಾಮರ್ ಹೇಳುವುದನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಗರ್ಭಪಾತಗಳ ಸಂಖ್ಯೆ ಏರುವುದನ್ನು ನೋಡಿ ನಿಜವಾಗಿಯೂ ಮನಸ್ಸು ಬದಲಾಯಿಸಿದ ಸಾಮಾನ್ಯ ಜನರೂ ಇದ್ದರು ಎಂಬ ವಾದ ಇದೆ. ಅದರಲ್ಲಿ ಹುರುಳಿದೆ ಎಂದೇ ನನಗೂ ಅನ್ನಿಸುತ್ತದೆ. ಪ್ರಾಮಾಣಿಕವಾಗಿ ನಂಬಿದ ಲಕ್ಷಾಂತರ ಜನರನ್ನು ಸುಮ್ನೆ ಕೀಲುಗೊಂಬೆ ಅನ್ನುವುದು ಸರಿಯಲ್ಲ. ಆದರೆ ಬಿಟ್ಟುಬಂದವರಿಗೆ ತಾಗಿದ್ದು ಈ ಇತಿಹಾಸಕಾರರ ಜಗಳವಲ್ಲ. ದೇವರಷ್ಟೇ ಹಳೆಯದು ಎಂದು ಹೇಳಿಕೊಟ್ಟ ನಿಲುವು ತನ್ನ ಅಪ್ಪನಿಗಿಂತ ಚಿಕ್ಕದು ಎಂದು ಗೊತ್ತಾದದ್ದು. ಜೊತೆಗೆ, ಸದರ್ನ್ ಬ್ಯಾಪ್ಟಿಸ್ಟ್ ಎಂಬ ಹೆಸರಿನಲ್ಲಿ ‘ಸದರ್ನ್’ ಯಾಕಿದೆ ಎಂದು ಗೊತ್ತಾದದ್ದು. ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ, ಆಗಬಹುದು ಎಂದವರು 1845ರಲ್ಲಿ ಬೇರೆಯಾಗಿ ಕಟ್ಟಿದ ಸಂಘಟನೆ ಅದು. ಅದಕ್ಕಾಗಿ ಕ್ಷಮೆ ಕೇಳಿದ್ದು 1995ರಲ್ಲಿ.

ರಾಜಕೀಯ ದೊಡ್ಡವರ ವಿಷಯವಾಯಿತು. 1990ರ ದಶಕದಲ್ಲಿ ಬೆಳೆದ ಮಕ್ಕಳಿಗೆ ಇದೆಲ್ಲ ತಲುಪಿದ್ದು ದೇಹದ ಮೂಲಕ. 1993ರಲ್ಲಿ ಸದರ್ನ್ ಬ್ಯಾಪ್ಟಿಸ್ಟರು ‘ಟ್ರೂ ಲವ್ ವೇಟ್ಸ್’ ಎಂಬ ಅಭಿಯಾನ ಶುರು ಮಾಡಿದರು. ಮದುವೆಯವರೆಗೆ ದೈಹಿಕ ಸಂಬಂಧ ಇಲ್ಲ ಎಂದು ಹದಿಹರೆಯದವರು ಕಾರ್ಡಿಗೆ ಸಹಿ ಹಾಕಬೇಕು. ಮರುವರ್ಷ ವಾಷಿಂಗ್ಟನ್ನಿನ ಹುಲ್ಲುಹಾಸಿನ ಮೇಲೆ ಇಂಥ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನೆಟ್ಟಿದ್ದರು. ಬೆರಳಿಗೆ ಉಂಗುರವೂ ಬಂತು. ಹೆಣ್ಣುಮಕ್ಕಳಿಗೆ ಕೊಡುತ್ತಿದ್ದ ಹೋಲಿಕೆಗಳನ್ನು ಕೇಳಿದರೆ ನಮ್ಮ ಅಜ್ಜಿಯರ ಕಾಲದ ಮಾತು ನೆನಪಾಗುತ್ತದೆ: ಅಗಿದು ಉಗಿದ ಚ್ಯೂಯಿಂಗ್ ಗಮ್, ಕೈಯಿಂದ ಕೈಗೆ ದಾಟಿ ಬಾಡಿದ ಗುಲಾಬಿ. ಹುಡುಗನ ಕಣ್ಣು ಜಾರಿದರೆ ಹುಡುಗಿಯ ಬಟ್ಟೆಯದೇ ತಪ್ಪು. ಇದು ನಮಗೆ ಹೊಸದಲ್ಲ, ಅಲ್ವಾ?

ಆ ಕಾಲದಲ್ಲಿ ಡೇಟಿಂಗೇ ಬೇಡ ಎಂದು ಪುಸ್ತಕ ಬರೆದು ಹೆಸರಾದವರು ಜೋಶುವಾ ಹ್ಯಾರಿಸ್. 1997ರಲ್ಲಿ ಪುಸ್ತಕ ಬಂದಾಗ ಅವರಿಗಿನ್ನೂ ಇಪ್ಪತ್ತರ ಹರೆಯ. ಪ್ರತಿಗಳು ಲಕ್ಷಗಟ್ಟಲೆ ಹೋದವು. ಆಮೇಲೆ ದೊಡ್ಡ ಸಭೆಯೊಂದಕ್ಕೆ ಪಾಸ್ಟರೂ ಆದರು. 2018ರಲ್ಲಿ ಓದುಗರ ನೋವು ಕೇಳಿದ ಮೇಲೆ ಪುಸ್ತಕದ ಮುದ್ರಣ ನಿಲ್ಲಿಸಿದರು. 2019ರಲ್ಲಿ, ನಾನೀಗ ಕ್ರೈಸ್ತನಲ್ಲ ಎಂದು ಹೇಳಿಕೊಂಡರು. ಅವರ ಮಾತು ಕೇಳಿ ಕಾರ್ಡಿಗೆ ಸಹಿ ಹಾಕಿದ್ದವರ ಪಾಡನ್ನು ಸ್ವಲ್ಪ ಯೋಚಿಸಿ.

2014ರ ಮಾರ್ಚ್‌ನಲ್ಲಿ ಇನ್ನೊಂದು ನಡೆಯಿತು. ಸಲಿಂಗ ವಿವಾಹವಾದ ಕ್ರೈಸ್ತರನ್ನೂ ಅಮೆರಿಕದ ತನ್ನ ಕಚೇರಿಗಳಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು ವರ್ಲ್ಡ್ ವಿಷನ್ ಎಂಬ ಕ್ರೈಸ್ತ ನೆರವು ಸಂಸ್ಥೆ ಹೇಳಿತು. ಬಡ ದೇಶಗಳ ಮಕ್ಕಳ ಖರ್ಚಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದ ಸಾವಿರಾರು ದಾನಿಗಳು ಅದನ್ನು ನಿಲ್ಲಿಸಿದರು. ಎರಡೇ ದಿನದಲ್ಲಿ ಸಂಸ್ಥೆ ಮಾತು ವಾಪಸ್ ತೆಗೆದುಕೊಂಡಿತು. ಒಂದು ಕಚೇರಿಯ ನಿಯಮಕ್ಕಾಗಿ ಹಸಿದ ಮಗುವಿನ ತಟ್ಟೆಗೆ ಕೈಹಾಕಿದರಲ್ಲ ಎಂದು ಒಳಗಿದ್ದ ಎಷ್ಟೋ ಜನ ಅಂದುಕೊಂಡರು. ಅವರಲ್ಲಿ ಒಬ್ಬರು ಲೇಖಕಿ ರೇಚಲ್ ಹೆಲ್ಡ್ ಇವಾನ್ಸ್. ಅವರು ಬೆಳೆದ ಊರು ಟೆನೆಸ್ಸಿಯ ಡೇಟನ್. ವಿಕಾಸವಾದ ಕಲಿಸಿದ ಮೇಷ್ಟ್ರ ಮೇಲೆ 1925ರಲ್ಲಿ ಮೊಕದ್ದಮೆ ನಡೆದು ಜಗತ್ತಿಗೆಲ್ಲ ಹೆಸರಾದ ಅದೇ ಊರು. ಅವರು ನಾಸ್ತಿಕರಾಗಲಿಲ್ಲ. ಬರೆಯುತ್ತಾ, ಪ್ರಶ್ನೆ ಕೇಳುತ್ತಾ ಉದಾರ ನಿಲುವಿನ ಎಪಿಸ್ಕೋಪಲ್ ಸಭೆಗೆ ಹೋದರು. 2019ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡರು.

ಆಮೇಲೆ 2016. ಹೆಂಗಸರ ಮೈಮೇಲೆ ಕೈಹಾಕುವುದರ ಬಗ್ಗೆ ಡೊನಾಲ್ಡ್ ಟ್ರಂಪ್ ಜಂಭ ಕೊಚ್ಚಿಕೊಂಡ ಹಳೆಯ ಧ್ವನಿಮುದ್ರಣ ಅಕ್ಟೋಬರ್‌ನಲ್ಲಿ ಹೊರಬಂತು. ನವೆಂಬರ್‌ನ ಮತಗಟ್ಟೆ ಸಮೀಕ್ಷೆಯಲ್ಲಿ ಬಿಳಿಯ ಇವ್ಯಾಂಜೆಲಿಕಲರ ಸುಮಾರು ಶೇ. 81 ಓಟು ಅವರಿಗೇ. ಓಟು ಹಾಕಿದವರಿಗೆ ಅವರದೇ ಕಾರಣಗಳಿದ್ದವು. ಸುಪ್ರೀಂ ಕೋರ್ಟಿಗೆ ಯಾರು ಬರುತ್ತಾರೆ ಎನ್ನುವುದು ಅವರಿಗೆ ಎಲ್ಲಕ್ಕಿಂತ ದೊಡ್ಡದು, ಆ ಲೆಕ್ಕ ತಪ್ಪಲೂ ಇಲ್ಲ: 2022ರಲ್ಲಿ ರೋ ತೀರ್ಪು ರದ್ದಾಯಿತು. ಆದರೆ ಮಕ್ಕಳಿಗೆ ನೆನಪಿದ್ದದ್ದು 1998. ಅಧ್ಯಕ್ಷ ಬಿಲ್ ಕ್ಲಿಂಟನ್‌ರ ಲೈಂಗಿಕ ಹಗರಣದ ಹೊತ್ತಿನಲ್ಲಿ ಸದರ್ನ್ ಬ್ಯಾಪ್ಟಿಸ್ಟರು ನಿರ್ಣಯ ಮಾಡಿದ್ದರು: ನಾಯಕರ ಗಂಭೀರ ತಪ್ಪನ್ನು ಸಹಿಸಿಕೊಂಡರೆ ಸಮಾಜದ ಮನಸ್ಸಾಕ್ಷಿ ಸುಟ್ಟುಹೋಗುತ್ತದೆ, ದೇವರ ನ್ಯಾಯತೀರ್ಪು ಬರುತ್ತದೆ. ಆ ಮಾತನ್ನು ಊಟದ ಮೇಜಿನಲ್ಲಿ ಕೇಳಿ ಬೆಳೆದ ಮಕ್ಕಳಿಗೆ 2016ರಲ್ಲಿ ಮೂವತ್ತರ ಆಸುಪಾಸು.

ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ ಒಂದು ಪ್ರಶ್ನೆ ಕೇಳಿತ್ತು: ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡವರು ಸಾರ್ವಜನಿಕ ಹುದ್ದೆಯಲ್ಲಿ ನೈತಿಕವಾಗಿ ನಡೆದುಕೊಳ್ಳಬಲ್ಲರೇ? 2011ರಲ್ಲಿ ಹೌದು ಎಂದ ಬಿಳಿಯ ಇವ್ಯಾಂಜೆಲಿಕಲರು ಶೇ. 30. 2016ರಲ್ಲಿ ಶೇ. 72. ಐದೇ ವರ್ಷ. ಬಿಟ್ಟುಬಂದವರನ್ನು ‘ಲೋಕದ ಆಸೆಗೆ ಬಿದ್ದವರು, ಹಿಂಜಾರಿದವರು’ ಎಂದು ಬೈಯುತ್ತಾರೆ. ನನಗೆ ಕಾಣುವ ಹಾಗೆ ಇವರಲ್ಲಿ ತುಂಬಾ ಜನ ಕಲಿಸಿದ ಪಾಠವನ್ನು ಅಕ್ಷರಕ್ಕೆ ಅಕ್ಷರ ನಂಬಿದ್ದ ಒಳ್ಳೆಯ ವಿದ್ಯಾರ್ಥಿಗಳು. ಮೇಷ್ಟ್ರೇ ಪಾಠ ಬದಲಾಯಿಸಿದಾಗ ಎದ್ದು ನಿಂತವರು.

ಅದೇ 2016ರಲ್ಲಿ ಬ್ಲೇಕ್ ಚಾಸ್ಟೇನ್ ಎಂಬುವರು ‘ಎಕ್ಸ್‌ವ್ಯಾಂಜೆಲಿಕಲ್’, ಅಂದರೆ ಮಾಜಿ ಇವ್ಯಾಂಜೆಲಿಕಲ್, ಎಂಬ ಹ್ಯಾಶ್‌ಟ್ಯಾಗ್ ಹುಟ್ಟುಹಾಕಿದರು, ಅದೇ ಹೆಸರಿನ ಪಾಡ್‌ಕಾಸ್ಟ್ ಶುರು ಮಾಡಿದರು. ಒಂಟಿಯಾಗಿ ಕೂತಿದ್ದವರಿಗೆ ಒಂದು ಹೆಸರು ಸಿಕ್ಕಿತು. ತಮ್ಮ ನಂಬಿಕೆಯನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡುವುದಕ್ಕೆ ಇವರು ಬಳಸುವ ಪದ ‘ಡಿಕನ್‌ಸ್ಟ್ರಕ್ಷನ್’. ಫ್ರಾನ್ಸಿನ ತತ್ವಜ್ಞಾನಿ ಡೆರಿಡಾನಿಂದ ಬಂದ ಪದ, ಇಲ್ಲಿ ಮಾತ್ರ ತೊಟ್ಟಿಮನೆಯ ಹೆಂಚು ಇಳಿಸುವ ಕೆಲಸದ ಹಾಗೆ. ಯಾವ ಹೆಂಚು ಒಡೆದಿದೆ, ಯಾವ ತೊಲೆಗೆ ಗೆದ್ದಲು ಹತ್ತಿದೆ ಎಂದು ಒಂದೊಂದೇ ತೆಗೆದು ನೋಡುವುದು. ಕೆಲವರು ಅದೇ ತೊಲೆಗಳಿಂದ ಬೇರೆ ಮನೆ ಕಟ್ಟುತ್ತಾರೆ. ಕೆಲವರು ಎಲ್ಲ ಅಲ್ಲೇ ಬಿಟ್ಟು ಹೊರಡುತ್ತಾರೆ.

ಬಿಟ್ಟದ್ದು ಯಾವುದು ಎನ್ನುವುದೂ ಒಬ್ಬೊಬ್ಬರಿಗೆ ಒಂದೊಂದು. ಬೆತ್ ಮೂರ್ ಅವರನ್ನೇ ನೋಡಿ. ಲಕ್ಷಾಂತರ ಹೆಂಗಸರಿಗೆ ಬೈಬಲ್ ಕಲಿಸಿದವರು. ಟ್ರಂಪ್ ಧ್ವನಿಮುದ್ರಣದ ವಿರುದ್ಧ ಮಾತಾಡಿದ್ದಕ್ಕೆ ಬೈಗುಳ ತಿಂದರು. 2021ರಲ್ಲಿ ನಾನಿನ್ನು ಸದರ್ನ್ ಬ್ಯಾಪ್ಟಿಸ್ಟ್ ಅಲ್ಲ ಎಂದರು. ಯೇಸುವಿನ ಮೇಲಿನ ನಂಬಿಕೆ ಹಾಗೇ ಇದೆ. ಇನ್ನು ಕೆಲವರನ್ನು ಹೊರಗೆ ತಳ್ಳಿದ್ದು ಲೈಂಗಿಕ ದೌರ್ಜನ್ಯದ ಮುಚ್ಚುಮರೆ. 2019ರಲ್ಲಿ ಟೆಕ್ಸಸ್‌ನ ಎರಡು ಪತ್ರಿಕೆಗಳು, ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳಲ್ಲಿ 20 ವರ್ಷದಲ್ಲಿ 700ಕ್ಕೂ ಹೆಚ್ಚು ಜನ ಇಂಥ ದೌರ್ಜನ್ಯಕ್ಕೆ ಒಳಗಾದದ್ದನ್ನು ಬಯಲಿಗೆಳೆದವು. ನಾಯಕರು ಆರೋಪಿಗಳ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಂಡು, ದೂರು ತಂದವರನ್ನೇ ದೂರ ತಳ್ಳಿದ್ದರು ಎಂದು 2022ರ ತನಿಖಾ ವರದಿ ಹೇಳಿತು.

ಕಪ್ಪು ಅಮೆರಿಕನ್ನರ ಸಭೆಗಳ ವಿಷಯ ಇಲ್ಲಿ ಹೇಳಲೇಬೇಕು. ಬೆಬಿಂಗ್ಟನ್ನರ ನಾಲ್ಕು ಲಕ್ಷಣವೂ ಅಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೂ ಅವರಲ್ಲಿ ಬಹುಪಾಲು ಜನ ಓಟು ಹಾಕುವುದು ಡೆಮಾಕ್ರಟರಿಗೆ, ಸಮೀಕ್ಷೆಗಳೂ ಅವರನ್ನು ಬೇರೆ ಖಾನೆಯಲ್ಲಿ ಎಣಿಸುತ್ತವೆ. ಬೈಬಲ್ ಒಂದೇ, ಓಟು ಎರಡು. ಅಂದ ಮೇಲೆ ಓಟನ್ನು ನಿರ್ಧರಿಸುತ್ತಿರುವುದು ಬೈಬಲ್ಲೇ ಎಂದು ಹೇಗೆ ಹೇಳುವುದು? ಬಿಟ್ಟುಬಂದ ಬಿಳಿಯರಲ್ಲಿ ಹಲವರು ಈ ಪ್ರಶ್ನೆಗೆ ಬಂದು ಮುಟ್ಟಿದ್ದು ಬಹಳ ತಡವಾಗಿ. ಪಕ್ಕದ ಬೀದಿಯ ಕಪ್ಪು ಸಭೆಯವರಿಗೆ ಉತ್ತರ ಮೊದಲೇ ಗೊತ್ತಿತ್ತು.

ಎಷ್ಟು ಜನ ಬಿಟ್ಟರು? ಪಿಆರ್‌ಆರ್‌ಐ ಲೆಕ್ಕದಲ್ಲಿ ಬಿಳಿಯ ಇವ್ಯಾಂಜೆಲಿಕಲರು 2006ರಲ್ಲಿ ಅಮೆರಿಕದ ಜನಸಂಖ್ಯೆಯ ಶೇ. 23 ಇದ್ದರು. 2020ರ ಹೊತ್ತಿಗೆ ಶೇ. 14ರ ಆಸುಪಾಸು. ಆದರೆ ಇದನ್ನು ನೋಡಿ ‘ಮುಗಿಯಿತು’ ಅನ್ನುವ ಹಾಗಿಲ್ಲ. ಬಾಗಿಲಿನಿಂದ ಹೊರಗೆ ಹೋಗುವವರ ಜೊತೆಗೆ ಒಳಗೆ ಬರುವವರೂ ಇದ್ದಾರೆ. 2016ರಿಂದ 2020ರವರೆಗೆ ಒಂದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದ ಪ್ಯೂ ಎಂಬ ಸಮೀಕ್ಷಾ ಸಂಸ್ಥೆಗೆ, ಬಿಳಿಯರಲ್ಲಿ ಆ ಹೆಸರು ಬಿಟ್ಟವರಿಗಿಂತ ಹೊಸದಾಗಿ ಹಚ್ಚಿಕೊಂಡವರೇ ಹೆಚ್ಚು ಎಂದು ಕಂಡಿತು. ಟ್ರಂಪ್‌ರನ್ನು ಮೆಚ್ಚಿದವರಲ್ಲಿ ಇದು ಜಾಸ್ತಿ. ಚರ್ಚಿಗೆ ಕಾಲಿಡುವುದೇ ಅಪರೂಪ ಎನ್ನುವ ಇವ್ಯಾಂಜೆಲಿಕಲರು ಹೆಚ್ಚುತ್ತಿದ್ದಾರೆ ಎಂದು ರಯನ್ ಬರ್ಜ್ ಎಂಬ ಸಂಶೋಧಕರು ತೋರಿಸಿದ್ದಾರೆ. ‘ನಾನು ಇವ್ಯಾಂಜೆಲಿಕಲ್’ ಎಂದು ಟಿಕ್ ಹಾಕುವ ಕ್ಯಾಥೊಲಿಕರೂ ಇದ್ದಾರೆ, ಕೆಲವು ಮುಸ್ಲಿಮರೂ ಇದ್ದಾರೆ. ನಗು ಬರುತ್ತದೆ, ಆದರೆ ಅರ್ಥ ಇದೆ. ಸುವಾರ್ತೆಯ ಹೆಸರಾಗಿದ್ದ ಪದ ಈಗ ‘ನಾನು ಯಾವ ಕಡೆಯವನು’ ಎಂದು ಹೇಳುವ ಪದವಾಗುತ್ತಿದೆ. ಬೈಬಲ್ ಓದಿ ಓದಿ ಒಬ್ಬಳು ಹೊರಗೆ ಬಂದರೆ, ಬೈಬಲ್ ತೆರೆಯದವನೊಬ್ಬ ಅವಳು ಬಿಟ್ಟ ಖಾಲಿ ಕುರ್ಚಿಯಲ್ಲಿ ಕೂರುತ್ತಿದ್ದಾನೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಪೈಟಿಸಂ ಎಂಬ ಕ್ರೈಸ್ತ ಭಕ್ತಿಪಂಥವೂ ಈ ಸುವಾರ್ತಾ ಚಳವಳಿಯ ನೆಂಟನೇ. ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್, 1894ರ ನಿಘಂಟಿನ ಕಿಟೆಲ್ ಆ ಬಳಗದವರು. ನೆಂಟಸ್ತಿಕೆ ಇದೆ ಎಂದು ಅಮೆರಿಕದ ಕತೆಯನ್ನು ಇಲ್ಲಿಯ ಕ್ರೈಸ್ತರ ಮೇಲೆ ಹೊರಿಸಬಾರದು. ಅಲ್ಲಿ ಬಿಳಿಯ ಇವ್ಯಾಂಜೆಲಿಕಲರು ಅಧ್ಯಕ್ಷರನ್ನು ಗೆಲ್ಲಿಸುವ ಜನ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಎಲ್ಲ ಕ್ರೈಸ್ತರನ್ನೂ ಸೇರಿಸಿದರೆ ಶೇ. 2ಕ್ಕಿಂತ ಕಡಿಮೆ. ಅಲ್ಲಿ ಬಿಟ್ಟವರು ಎದುರು ಹಾಕಿಕೊಂಡದ್ದು ದೇಶವೇ ನಮ್ಮದು ಎನ್ನುವ ಬಹುಸಂಖ್ಯಾತರ ಧರ್ಮವನ್ನು. ಹೋಲಿಸಲೇಬೇಕು ಎಂದರೆ ಹೋಲಿಕೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೀವೇ ನೋಡಿಕೊಳ್ಳಿ.

ಬಿಟ್ಟವರಿಗೆ ಆಗುವ ನಷ್ಟವನ್ನು ಹೊರಗಿನವರು ಕಡಿಮೆ ಅಂದಾಜು ಮಾಡುತ್ತಾರೆ. ಭಾನುವಾರ ಎರಡು ಗಂಟೆ ಬಿಡುವಾಯಿತು, ಅಷ್ಟೇ ತಾನೇ? ಅಲ್ಲ. ಬಾಣಂತನಕ್ಕೆ ಅಡುಗೆ ಮಾಡಿ ತಂದುಕೊಡುತ್ತಿದ್ದವರು, ಮನೆ ಬದಲಾಯಿಸುವಾಗ ಸೋಫಾ ಹೊತ್ತವರು, ಮಕ್ಕಳ ಗೆಳೆಯರು, ಹಾಡಲು ಒಂದು ಜಾಗ, ಎಲ್ಲ ಒಟ್ಟಿಗೆ ಹೋಗುತ್ತವೆ. ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರಕ್ಕೆ ಪಂಚಾಯಿತಿ ಸೇರುತ್ತಿತ್ತು. ಅಲ್ಲಿ ಯಾರೂ ಸೇರುವುದಿಲ್ಲ, ಫೋನ್ ಬರುವುದು ನಿಲ್ಲುತ್ತದೆ. ಕೆಲಸವೂ ಹೋಗಬಹುದು. ಕ್ರೈಸ್ತ ಕಾಲೇಜುಗಳಲ್ಲಿ ಪಾಠ ಮಾಡುವವರು ನಂಬಿಕೆಯ ಹೇಳಿಕೆಗೆ ಸಹಿ ಹಾಕಿರುತ್ತಾರೆ. ಇಲಿನಾಯ್‌ನ ವೀಟನ್ ಕಾಲೇಜಿನ ಪ್ರಾಧ್ಯಾಪಕಿ ಲಾರಿಸಿಯಾ ಹಾಕಿನ್ಸ್ 2015ರಲ್ಲಿ ಮುಸ್ಲಿಮರಿಗೆ ಬೆಂಬಲವಾಗಿ ಹಿಜಾಬ್ ಹಾಕಿಕೊಂಡು, ಅವರೂ ನಾವೂ ಪೂಜಿಸುವುದು ಒಬ್ಬನೇ ದೇವರನ್ನು ಎಂದು ಬರೆದರು. ಕೆಲವೇ ತಿಂಗಳಲ್ಲಿ ಕಾಲೇಜು ಬಿಟ್ಟರು. ಅವರು ನಂಬಿಕೆ ಬಿಟ್ಟಿರಲಿಲ್ಲ ಎನ್ನುವುದನ್ನು ಗಮನಿಸಿ.

ಅಪ್ಪ ಅಮ್ಮನ ಕಡೆಯಿಂದಲೂ ಒಮ್ಮೆ ನೋಡಬೇಕು. ಅವರ ನಂಬಿಕೆಯ ಪ್ರಕಾರ ಮಗಳು ಹೋಗುತ್ತಿರುವುದು ನರಕಕ್ಕೆ. ಸುಮ್ನೆ ಮಾತಿಗೆ ಅಲ್ಲ, ಬೆಂಕಿಯ, ಮುಗಿಯದ ನರಕಕ್ಕೆ. ಹಾಗಿರುವಾಗ ‘ಅವಳ ಇಷ್ಟ’ ಎಂದು ಅಮ್ಮ ಹೇಗೆ ಸುಮ್ಮನಿರುತ್ತಾಳೆ? ಮಗಳಿಗೂ ಅದು ಗೊತ್ತು, ಒಂದು ಕಾಲದಲ್ಲಿ ಅವಳೂ ಬೇರೆಯವರಿಗಾಗಿ ಹಾಗೇ ಅತ್ತು ಪ್ರಾರ್ಥಿಸಿದವಳು.

ನವೆಂಬರ್‌ನ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಅವಳು ಊರಿಗೆ ಬರುತ್ತಾಳೆ. ಟರ್ಕಿ ಕೋಳಿ ಮೇಜಿನ ಮೇಲಿದೆ. ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದುಕೊಳ್ಳುತ್ತಾರೆ. ಅಪ್ಪ ಪ್ರಾರ್ಥನೆ ಶುರು ಮಾಡುತ್ತಾನೆ, ‘ದಾರಿ ತಪ್ಪಿದವರನ್ನು’ ಎನ್ನುವಾಗ ದನಿ ಸ್ವಲ್ಪ ತಗ್ಗುತ್ತದೆ. ಅಮ್ಮನ ಕೈ ಇನ್ನಷ್ಟು ಬಿಗಿಯಾಗುತ್ತದೆ. ಕಣ್ಣು ಮುಚ್ಚಬೇಕೋ ಬೇಡವೋ ಎಂದು ಅವಳು ಇನ್ನೂ ನಿರ್ಧರಿಸಿಲ್ಲ.